ಗುರುವಾರದ ಮೇಘನಾ

ಮೇಘನಾ ನಮ್ಮ ಮನೆಗೆ ಬಂದ ಮೊದಲ ದಿನವೇ ನನ್ನ ಮಗ ಚಿನ್ನುವಿಗೆ ಬೆನ್ನು ಹಾಕಿ ಕುಳಿತಳು. ಮೈಸೂರಿನ ಹುಡುಗಿ, ಬೇಲಾಪುರದ ಕಡೆಯ ಕಾಲೇಜಿನಲ್ಲಿ ಮನಃಶಾಸ್ತ್ರದ ಎಂ.ಎ., ಮಾತು ಬಾರದ ಆಟಿಸಂ ಮಕ್ಕಳ ಬಗ್ಗೆ ಪ್ರಾಜೆಕ್ಟ್. ಅವನನ್ನು ನೋಡಲೆಂದೇ ಲೋಕಲ್ ರೈಲು ಹಿಡಿದು ನಮ್ಮ ಡೊಂಬಿವಲಿಯವರೆಗೆ ಬಂದವಳು ಗೋಡೆ ನೋಡುತ್ತಾ ಸ್ಟೀಲಿನ ಲೋಟ ಉರುಳಿಸುತ್ತಿದ್ದಾಳೆ! ಓದು ಹೆಚ್ಚಾದರೆ ಹೀಗೇ ಎಂದುಕೊಂಡು ನಾನು ಚಹಾಕ್ಕೆ ಇಟ್ಟೆ. ಚಹಾ ತರುವಷ್ಟರಲ್ಲಿ, ಅಪ್ಪನ ತೊಡೆಯ ಮೇಲೂ ಕೂರದ ನನ್ನ ಮಗ ಅವಳ ಬೆನ್ನಿಗೆ ಬೆನ್ನು ಒರಗಿಸಿ ಕುಳಿತಿದ್ದ.

“ಮುಖ ನೋಡ್ತಾನೇ ಇದ್ರೆ ಅವ್ನಿಗೆ ಕಷ್ಟ ಆಗುತ್ತೆ ಅಕ್ಕ,” ಎಂದಳು. “ನಮ್ ಗೈಡ್ ಹಾಗೆ ನೋಡಿದ್ರೆ ನಂಗೂ ಮೇಜಿನ ಕೆಳಗೆ ಹೋಗಿ ಕೂತ್ಕೋಬೇಕು ಅನ್ಸುತ್ತೆ.”

ಆಮೇಲೆ ಗುರುವಾರ ಗುರುವಾರ ಬಂದಳು. ಫ್ರಿಜ್ಜಿನ ಬಾಗಿಲಿಗೆ ನೀರು, ಚಕ್ಕುಲಿ, ಜೋಕಾಲಿಯ ಚಿತ್ರ ಅಂಟಿಸಿದಳು. ಬೇಕಾದದ್ದನ್ನು ಕಿತ್ತು ಅವನು ನಮ್ಮ ಕೈಗೆ ಕೊಡಬೇಕು, ಅದೇ ಅವನ ಮಾತು. ತಾನು ಬರುವ ದಿನ ಅವನಿಗೆ ತಿಳಿಯಲೆಂದು ತನ್ನದೂ ಒಂದು ಫೋಟೋ ಇಟ್ಟಳು. “ಚಿತ್ರ ಕೊಟ್ಟ ತಕ್ಷಣ ಕೇಳಿದ್ದು ಕೊಟ್ಬಿಡಿ ಅಕ್ಕ. ‘ಆಮೇಲೆ’, ‘ನಾಳೆ’ ಅನ್ನೋ ಹಾಗಿಲ್ಲ. ಒಂದ್ಸಲ ನಂಬಿಕೆ ಹೋದ್ರೆ ಅವ್ನು ಮತ್ತೆ ಕೇಳಲ್ಲ.”

ಕಳಂಬೋಲಿಯಿಂದ ಬಂದ ನನ್ನ ಗಂಡನ ಅಕ್ಕ, “ಇದೆಲ್ಲ ಎಂತದು ಮಾರಾಯ್ತಿ? ದೃಷ್ಟಿ ಆದದ್ದು, ಊರಿಗೆ ಕರ್ಕೊಂಡು ಹೋಗಿ ತೆಗೆಸು,” ಎಂದರು. ಮೇಘನಾ ನಕ್ಕಳು. “ತೆಗೆಸಿ ಅಮ್ಮ, ಹಾಗೇ ನಂದೂ ತೆಗೆಸಿ. ಚಕ್ಕುಲಿ ಮಾತ್ರ ನಿಲ್ಲಿಸ್ಬೇಡಿ.” ಅದೇ ವಾರ ಚಿನ್ನು ಚಕ್ಕುಲಿಯ ಚಿತ್ರ ತಂದು ನನ್ನ ಕೈಯಲ್ಲಿಟ್ಟ. ಹೆತ್ತ ಮೇಲೆ ಅವನು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಮಳೆಗಾಲಕ್ಕೆ ಮುಂಚಿನ ಒಂದು ಗುರುವಾರ ಅವಳು ಚಹಾ ಮುಟ್ಟಲಿಲ್ಲ. “ಪ್ರಾಜೆಕ್ಟ್ ಮುಗೀತು ಅಕ್ಕ. ಇನ್ಮೇಲೆ ಮನೆಗಳಿಗೆ ಹೋಗೋ ಹಾಗಿಲ್ಲ ಅಂದಿದ್ದಾರೆ ಗೈಡ್. ರೂಮ್ ಖಾಲಿ ಮಾಡಿ ಮೈಸೂರಿಗೆ ಹೋಗ್ತಿದೀನಿ.”

ನನಗೆ ಮೈಯೆಲ್ಲ ಉರಿಯಿತು. “ನಿಂದು ಮುಗಿದ್ರೆ ಇವಂದೂ ಮುಗೀತಾ? ಇವನಿಗೆ ಎಂತ ಹೇಳುದು ನಾನು?”

ಅವಳು ಎದ್ದು ಫ್ರಿಜ್ಜಿನ ಹತ್ತಿರ ಹೋದಳು. ಮಗುವಿಗೆ ಹೇಳದೆ ಹೋಗಬಾರದೆಂದು ಅವನೆದುರೇ ತನ್ನ ಫೋಟೋ ಕಿತ್ತು ಚೀಲಕ್ಕೆ ಹಾಕಿದಳು. ಚಿನ್ನು ಬಂದು ಚೀಲಕ್ಕೆ ಕೈಹಾಕಿದ, ಅದೇ ಫೋಟೋ ತೆಗೆದು ಅವಳ ಅಂಗೈಯಲ್ಲಿಟ್ಟ.

ನೀರು ಕೇಳಿದ್ದ, ತಿಂಡಿ ಕೇಳಿದ್ದ. ಮನುಷ್ಯರೊಬ್ಬರನ್ನು ಅವನು ಯಾವತ್ತೂ ಕೇಳಿರಲಿಲ್ಲ.

ಮೇಘನಾ ಮತ್ತೆ ಅವನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಅವನು ಒರಗಿದಲ್ಲೇ ನಿದ್ದೆಹೋದ. ಅವನ ತಲೆಯಡಿ ದಿಂಬಿಟ್ಟು, ಫೋಟೋವನ್ನು ಫ್ರಿಜ್ಜಿಗೇ ಮರಳಿ ಅಂಟಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹೋದಳು. ನನ್ನ ಮುಖ ನೋಡಲಿಲ್ಲ.

ಮುಂದಿನ ಗುರುವಾರ ಚಿನ್ನು ಆ ಫೋಟೋ ನನ್ನ ಕೈಗೆ ಕೊಟ್ಟ. ಅದರಾಚೆಯ ಗುರುವಾರವೂ ಕೊಟ್ಟ. ವಿಡಿಯೋ ಕಾಲ್ ಮಾಡಿ ಅವಳ ಮುಖ ತೋರಿಸಿದೆ, ಫೋನ್ ತಳ್ಳಿದ. ಅವನಿಗೆ ಬೇಕಾದದ್ದು ಬೆನ್ನು. “ನಾಳೆ ಬರ್ತಾಳೆ ಮಗಾ,” ಎಂದೆ.

ಅವಳ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಪ್ರೀತಿಯೂ ಅಷ್ಟೇ ಇದೆ. ಚಿತ್ರಗಳೆಲ್ಲ ಫ್ರಿಜ್ಜಿನ ಮೇಲೆ ಹಾಗೇ ಇವೆ. ನಾನು ‘ನಾಳೆ’ ಎಂದ ದಿನದಿಂದ ಚಿನ್ನು ಯಾವುದನ್ನೂ ಮುಟ್ಟುವುದಿಲ್ಲ. ಹಸಿವಾದರೆ ಚಕ್ಕುಲಿ ಡಬ್ಬದ ಹತ್ತಿರ ಹೋಗಿ, ಅದಕ್ಕೆ ಬೆನ್ನು ಹಾಕಿ ಕೂರುತ್ತಾನೆ.