ಗೇಟಿನಾಚೆ ಹನ್ನೊಂದು ಕಿಲೋಮೀಟರು

ಭಾನುವಾರ ನಮ್ಮ ಬೀದಿಗೆ ನಲ್ಲಿ ನೀರು ಬರುವ ದಿನ. ಐದೂವರೆಗೆ ಎದ್ದು ಎರಡು ಡ್ರಮ್ಮು, ಆರು ಬಿಂದಿಗೆ ತುಂಬಿಸಿದೆ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟು, ಮಂಡಕ್ಕಿ ಒಗ್ಗರಣೆ ಮಾಡಿ ತಟ್ಟೆಗೆ ಹಾಕಿದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಷರತ್ತು ನೆನಪೈತಲ್ಲ?" ಎಂದರು.

"ಐತೆ ಕಣ್ರೀ," ಎಂದೆ. ಮಡಕಶಿರಾದಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಬಾಯಿಂದ ಈ 'ಕಣ್ರೀ' ಹೋಗಿಲ್ಲ.

ಷರತ್ತು ಇದು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಅವಳ ಗೇರಿನ ಸೈಕಲ್ಲು ಮೆಟ್ಟಿಲ ಕೆಳಗೆ ಧೂಳು ಹಿಡಿದು ನಿಂತಿತ್ತು. ನಾನದನ್ನು ಒರೆಸಿ, ಬೆಳಗ್ಗೆ ಬೀದಿಯಲ್ಲಿ ಎರಡು ಸುತ್ತು ಹೊಡೆಯತೊಡಗಿದ್ದೆ. ನಮ್ಮವರಿಗೆ ಜೀನ್ಸ್ ಹೊಲಿಸುವ ಪುಟ್ಟ ಘಟಕವಿದೆ. ಸೈಕಲ್ಲನ್ನು ಅಲ್ಲಿನ ಕಟಿಂಗ್ ಮಾಸ್ತರಿಗೆ ಕೊಟ್ಟುಬಿಡುವುದು ಅವರ ಯೋಚನೆ. ವಾರವಿಡೀ ವಾದ ನಡೆದು ಕೊನೆಗೆ ಒಪ್ಪಂದಕ್ಕೆ ಬಂದೆವು. ಗುಡ್ಡದ ದಾರಿಯಲ್ಲಿ, ಗುಮ್ಮಘಟ್ಟದ ಕಡೆಯ ಹಳ್ಳಿಯಲ್ಲಿರುವ ಅವರ ಸಣ್ಣತ್ತೆಯ ಮನೆಗೆ ನಾನು ಹೋಗಿ ಬರಬೇಕು. ನಡುವೆ ಫೋನ್ ಮಾಡಿ ಅವರನ್ನು ಕರೆದರೆ ಸೈಕಲ್ಲು ಮಾಸ್ತರಿಗೆ. ಕರೆಯದೆ ಬಂದರೆ ನನಗೆ.

ಟಾರು ರಸ್ತೆಯಲ್ಲಿ ಹೋಗಿದ್ದರೆ ಹತ್ತೊಂಬತ್ತು ಕಿಲೋಮೀಟರು. ಅಲ್ಲಿ ಲಾರಿ, ಶೇರ್ ಆಟೋಗಳ ಹಾರ್ನು ಕೇಳಿದರೆ ನಾನು ಸೈಕಲ್ಲಿನಿಂದ ಇಳಿದೇ ಬಿಡುತ್ತೇನೆ. ಗುಡ್ಡದ ಮೇಲಿನದು ಹಳೆಯ ಬಂಡಿದಾರಿ, ಹನ್ನೊಂದೇ ಕಿಲೋಮೀಟರು. ಕರಡಿ ಓಡಾಡುತ್ತವೆಂದು ಅರಣ್ಯ ಇಲಾಖೆಯವರು ಗೇಟು ಹಾಕಿ ಮೋಟಾರು ಗಾಡಿಗಳನ್ನು ನಿಲ್ಲಿಸಿದ್ದಾರೆ. ಎಂಜಿನ್ನಿನ ಸದ್ದೇ ಇಲ್ಲದ ದಾರಿ ಎಂಬ ಆಸೆಯಿಂದ ಏಳಕ್ಕೆ ಹೊರಟೆ.

ಗೇಟಿನ ಕಾವಲುಗಾರ ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತ ಅಡ್ಡ ನಿಂತ. "ಗಾಡಿ ಬಿಡಂಗಿಲ್ರಿ."

"ಇದು ಸೈಕಲ್ ಅಣ್ಣಾ."

"ಸೈಕಲ್ಲಿಗೆ ಗಾಲಿ ಇರಂಗಿಲ್ಲೇನ್ರಿ?" ಎಂದು ತನ್ನ ಮಾತಿಗೆ ತಾನೇ ನಕ್ಕ. ಯಾರ ಮನೆಯವರು, ಯಾವ ಬೀದಿ, ಯಜಮಾನರ ಘಟಕ ಎಲ್ಲಿ ಎಂದೆಲ್ಲ ಕೇಳಿ, "ಹೋಗ್ರಿ, ಹುಷಾರು" ಎಂದು ಬಿಟ್ಟ. ನಾನು ಪೆಡಲು ತುಳಿಯುವಾಗ ಅವನು ಜೇಬಿನಿಂದ ಫೋನ್ ತೆಗೆದದ್ದನ್ನು ಕಂಡೆ. ಏನೂ ಅನ್ನಿಸಲಿಲ್ಲ.

ಮೊದಲ ಎರಡು ಕಿಲೋಮೀಟರು ನಾನು ಬಯಸಿದ ಹಾಗೆಯೇ ಇತ್ತು. ಮಳೆ ಮುಗಿದು ವಾರವಾಗಿತ್ತು. ಎರಡೂ ಬದಿಗೆ ತಂಗಡಿ ಹೂ ಹಳದಿಯಾಗಿ ಬಿರಿದಿತ್ತು. ಬಂಡೆಯ ಸಂದಿನ ಸೀತಾಫಲದ ಕಾಯಿಗಳು ಬಲಿತು ಕಣ್ಣು ಬಿಡುತ್ತಿದ್ದವು. ಶಾಲೆಯಲ್ಲಿದ್ದಾಗ ಸೈಕಲ್ ಕಲಿಸಿದ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದ ಮಾತು, "ಚಕ್ರ ನೋಡಬೇಡ, ದಾರಿ ನೋಡು", ನೆನಪಾಗಿ ಬೆನ್ನು ನೇರ ಮಾಡಿಕೊಂಡೆ.

ಅಷ್ಟರಲ್ಲಿ ಕುರಿಗಳು. ಇನ್ನೂರಾದರೂ ಇದ್ದವು. ದಾರಿ ಬಿಡಲೆಂದು ಇಳಿದು ನಿಂತೆ. ಕುರಿಯಜ್ಜ ಕಂಬಳಿ ಸರಿಸಿಕೊಂಡು ಹತ್ತಿರ ಬಂದ. "ಯಾಕ ತಂಗಿ, ಪಂಕ್ಚರಾತೇನು?"

"ಇಲ್ಲ ಅಜ್ಜಾ, ಸುಮ್ನೆ ಹೋಗ್ತಿದೀನಿ."

"ಸುಮ್ನ ಯಾರ ಹೋಗ್ತಾರ ಸೈಕಲ್ ಮ್ಯಾಲ?" ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. "ಮನ್ಯಾಗ ಜಗಳಾಡೀಯೇನು? ನಂಬರ್ ಹೇಳು, ನಾ ಮಾತಾಡ್ತೀನಿ."

ಜಗಳವಿಲ್ಲವೆಂದು ನಂಬಿಸಲು ಹತ್ತು ನಿಮಿಷವಾಯಿತು. ನಂಬಲೂ ಇಲ್ಲ. ನಮ್ಮವರ ಹೆಸರು ಹೇಳಿದ ಮೇಲೆ, "ಓ ಪ್ಯಾಂಟ್ ಹೊಲಿಸೋರು! ನಮ್ಮ ಅಳಿಯ ಅವರತ್ರಾನ ಅದಾನ" ಎಂದು ತಾನೂ ಫೋನ್ ತೆಗೆದ.

ಆಮೇಲಿನದು ಎಣಿಸಲಾರೆ. ಗೇಟಿನ ಪಕ್ಕದ ಸಂದಿನಲ್ಲಿ ನುಸುಳಿ ಬಂದ ಮೋಟಾರ್ ಬೈಕುಗಳು ಒಂದಾದ ಮೇಲೊಂದು ನನ್ನ ಪಕ್ಕ ನಿಂತವು. ಸೀತಾಫಲದ ಬುಟ್ಟಿ ಹೊತ್ತ ಗಂಡ ಹೆಂಡತಿ, ಬುಟ್ಟಿ ಇಳಿಸಿ ನನ್ನನ್ನು ಕೂರಿಸಿಕೊಳ್ಳುತ್ತೇವೆಂದರು. ಇನ್ನೊಬ್ಬರು ಸೈಕಲ್ಲಿಗೆ ಹಗ್ಗ ಕಟ್ಟಿ ಎಳೆಯಲು ತಯಾರಾದರು. ಹೆಂಗಸೊಬ್ಬಳು ಸೈಕಲ್ಲಿನ ಮೇಲಿದ್ದರೆ ಅವಳಿಗೆ ಏನೋ ಕೆಟ್ಟದ್ದಾಗಿದೆ ಎಂದೇ ಇವರೆಲ್ಲರ ಲೆಕ್ಕ. ಅವರಿಗೆ ಥ್ಯಾಂಕ್ಸ್ ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು; ಬಾಟಲಿಯ ನೀರು ಏರು ಮುಗಿಯುವ ಮೊದಲೇ ಖಾಲಿಯಾಯಿತು.

ಸಣ್ಣತ್ತೆಯ ಮನೆ ತಲುಪಿದಾಗ ಹತ್ತು ಗಂಟೆ. ರೊಟ್ಟಿ, ಹುಚ್ಚೆಳ್ಳು ಪುಡಿ, ಮೊಸರು ಹೊಟ್ಟೆ ತುಂಬ ಹಾಕಿದರು. ಹೊರಡುವಾಗ ಅವರು ಉಡಿ ತುಂಬಲು ಮಣೆ ಇಟ್ಟದ್ದು ಕಂಡು ಬಾಗಿಲಲ್ಲೇ ನಿಂತೆ.

"ಅತ್ತೇ, ಬೇಡಿ. ಸೈಕಲ್ ಮೇಲೆ ಬಂದಿದೀನಿ."

"ಸೈಕಲ್ ಮ್ಯಾಲ ಬಂದ್ರ ಮುತ್ತೈದಿ ಅಲ್ಲೇನು ನೀ? ಬರೇ ಉಡೀಲೆ ಕಳಸ್ಲಾ? ಕೂಡು."

ಕೂತೆ. ಚೂಡಿದಾರಕ್ಕೆ ಸೆರಗೆಲ್ಲಿ? ದುಪಟ್ಟಾವನ್ನೇ ಒಡ್ಡಿದೆ. ಐದು ಹಿಡಿ ಅಕ್ಕಿ ಎಂದರು, ಅವರ ಹಿಡಿಯೋ ಸೇರಿನಷ್ಟು. ತೆಂಗಿನಕಾಯಿ, ಬೆಲ್ಲದಚ್ಚು, ಅರಿಶಿನದ ಕೊಂಬು, ಎಲೆ ಅಡಿಕೆ, ಕುಬುಸದ ಬಟ್ಟೆ. ಹೀಗೆ ತುಂಬಿದ ಉಡಿಯನ್ನು ದಾರಿಯಲ್ಲಿ ನೆಲಕ್ಕಿಡುವಂತಿಲ್ಲ. ನಮ್ಮ ಮನೆಯ ದೇವರ ಮುಂದೆಯೇ ಬಿಚ್ಚಬೇಕು. ಹೊಟ್ಟೆಗೆ ಬಿಗಿದು ಗಂಟು ಹಾಕಿಕೊಂಡು ಸೈಕಲ್ ಹತ್ತಿದೆ.

ಪೆಡಲು ಒಂದು ಸುತ್ತು ತಿರುಗಿದರೆ ತೆಂಗಿನಕಾಯಿ ಒಮ್ಮೆ ಬಲಮೊಣಕಾಲಿಗೆ, ಒಮ್ಮೆ ಎಡಮೊಣಕಾಲಿಗೆ. ಗಂಟು ಸಡಿಲಾಗಿ ಅಕ್ಕಿ ಸುರಿಯತೊಡಗಿತು. ಹ್ಯಾಂಡಲಿಗೆ ಕಟ್ಟಿದರೆ ಸೈಕಲ್ಲು ಎಡಕ್ಕೆ ಎಳೆಯಿತು. ಕೊನೆಗೆ ಇಳಿದು, ಒಂದು ಕೈಯಲ್ಲಿ ಉಡಿ, ಇನ್ನೊಂದರಲ್ಲಿ ಸೈಕಲ್ಲು ಹಿಡಿದು ಮೂರು ಕಿಲೋಮೀಟರು ಏರು ನಡೆದೆ. ಬಿಸಿಲು ನೆತ್ತಿಗೆ ಬಂದಿತ್ತು. ಜೇಬಿನಲ್ಲಿದ್ದ ಫೋನನ್ನು ಎರಡು ಸಲ ಮುಟ್ಟಿ ನೋಡಿದೆ. ಅಳು ಬಂತು, ಸಿಟ್ಟೂ ಬಂತು. ಫೋನ್ ಮಾತ್ರ ತೆಗೆಯಲಿಲ್ಲ.

ಗುಡ್ಡದ ನೆತ್ತಿಯ ತಿರುವಿನಲ್ಲಿ ಆಟೋ ಸದ್ದು. ಒಳಗೆ ನಮ್ಮವರು, ಬೆವರು ಒರೆಸಿಕೊಳ್ಳುತ್ತ.

"ಗೇಟ್ ಹೆಂಗೆ ತೆಗೆದ್ರು?" ಎಂದೆ.

"ಎಮರ್ಜೆನ್ಸಿ ಅಂದೆ. ಬೆಳಗಿಂದ ಒಂಬತ್ತು ಮಂದಿ ಫೋನ್ ಮಾಡ್ಯಾರ. ಸೈಕಲ್ ಮುರಿದೈತಿ ಅಂತ ಒಬ್ಬ, ಮನೆ ಬಿಟ್ಟು ಹೊಂಟಾಳ ಅಂತ ಒಬ್ಬ. ಆಟೋ ಹತ್ತು ಮೊದ್ಲು."

"ನಾನು ಮಾಡಿದ್ನಾ?"

ಅವರು ಆಟೋದವನ ಮುಖ ನೋಡಿದರು. ಅವನು ಕನ್ನಡಿ ಒರೆಸತೊಡಗಿದ. "ಇಲ್ಲ," ಎಂದರು ನಮ್ಮವರು ಮೆಲ್ಲಗೆ.

"ಹಂಗಾದ್ರೆ ಇದನ್ನ ಹಿಡ್ಕಳಿ." ದುಪಟ್ಟಾದ ಗಂಟನ್ನು ಅವರ ತೊಡೆಯ ಮೇಲಿಟ್ಟೆ. "ನೆಲಕ್ಕೆ ಇಡ್ಬೇಡಿ. ಸೀಟಿನ ಮೇಲೂ ಬೇಡ. ಹತ್ತು ನಿಮಿಷ ಬಿಟ್ಟು ಹೊರಡಿ."

ಆ ಹತ್ತು ನಿಮಿಷ ಇಳಿಜಾರು. ಪೆಡಲು ತುಳಿಯಲಿಲ್ಲ. ಹಿಂದಿನ ಚಕ್ರದ ಟಿಕ್ ಟಿಕ್ ಬಿಟ್ಟರೆ ಯಾವ ಸದ್ದೂ ಇರಲಿಲ್ಲ. ಎಲ್ಲೋ ಒಂದು ನವಿಲು ಕೂಗಿತು. ಬೆಳಗ್ಗೆಯಿಂದ ಕಾದದ್ದು ಇಷ್ಟಕ್ಕೇ. ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದೆ. ತಂಗಡಿ ಹೂವಿನ ನಡುವೆ ಆಟೋದ ಹಳದಿ ತಲೆ ಇಣುಕಿತು.

ಊರೊಳಗೆ ಅವರು ನನ್ನ ಹಿಂದೆಯೇ ಬಂದರು. ಉಡಿಯನ್ನು ದೇವರ ಮುಂದಿಟ್ಟು ನಮಸ್ಕರಿಸಿದ ಮೇಲೆ, ಹೊಲಿಗೆ ಮಿಷಿನ್ನಿನ ಎಣ್ಣೆಡಬ್ಬಿ ತಂದು ಸೈಕಲ್ಲಿನ ಚೈನಿಗೆ ಹನಿ ಹನಿಯಾಗಿ ಬಿಟ್ಟರು. "ಮಾಸ್ತರಿಗೆ ಬ್ಯಾರೆ ನೋಡೋಣ," ಎಂದರು. ಅಷ್ಟೇ.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆ ಹುರುಳಿ ಕೇರುತ್ತ, ಮೊರದಿಂದ ಕಣ್ಣೆತ್ತದೆ ಕೇಳಿದರು: "ಯಾಕ್ರೀ, ನಿಮ್ಮ ಮನಿಯೋರು ಮಧ್ಯಾನ ಉಡಿ ತುಂಬಿಸ್ಕಂಡು ಆಟೋದಾಗ ಬಂದ್ರಲ್ಲ, ತವರಿಗೆ ಹೋಗಿದ್ರೇನು?"