ಬಲಗೈಯ ಕಾಫಿ

ಅರಬ್ ನಾಡಿನ ತಬೂಕ್ ಊರಿನ ನಮ್ಮ ಗ್ಯಾರೇಜಿಗೆ ಅರ್ಬಿಯೊಬ್ಬ ದೊಡ್ಡ ಇಂಜಿನ್ನಿನ ತನ್ನ ಹಳೇ ಅಮೆರಿಕನ್ ಮಸಲ್ ಕಾರು ತಂದ. "ಸ್ಟೇರಿಂಗ್ ಬಾಕ್ಸಿಗೆ ಹನ್ನೆರಡರ ರೇಶಿಯೋ ಹಾಕು, ರೇಸ್ ಕಾರಿನ ಹಾಗೆ" ಎಂದ. ಅದರಲ್ಲಿ ಸ್ಟೇರಿಂಗ್ ತುಸು ಅಲುಗಾಡಿದರೂ ಚಕ್ರ ಜಾಸ್ತಿ ತಿರುಗುತ್ತದೆ. "ನಿಮಗೆ ನಿಧಾನದ್ದು, ಹದಿನಾರರದ್ದೇ ಸರಿ" ಎಂದೆ. ಕೇಳಲಿಲ್ಲ. ಹಾಕಿಕೊಟ್ಟೆ.

ಟ್ರಯಲ್‌ಗೆ ನನ್ನನ್ನೂ ಕೂರಿಸಿಕೊಂಡ. ಹೈವೇ ಸಿಕ್ಕಿದ್ದೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಡಲು ಹೇಳಿದ. ಇಲ್ಲಿ ಕಾಫಿಯನ್ನು ಬಲಗೈಯಲ್ಲೇ ಕುಡಿಯಬೇಕು, ಅದು ಮರ್ಯಾದೆ. ಹಾಗಾಗಿ ಸ್ಟೇರಿಂಗಿಗೆ ಉಳಿದದ್ದು ಎಡಗೈ ಮಾತ್ರ. ಮೊದಲ ಗುಟುಕಿಗೇ ಕಾರು ಪಕ್ಕದ ಲಾರಿಯತ್ತ ಹಾರಿತು, ಕಾಫಿ ಅವನ ಬಿಳಿ ನಿಲುವಂಗಿಯ ಮೇಲೆ ಚೆಲ್ಲಿತು.

ಹೇಗೋ ತಪ್ಪಿಸಿ ಕಾರನ್ನು ಬದಿಗೆ ನಿಲ್ಲಿಸಿ ಅವನೇ, "ಯಲ್ಲಾ, ನಡಿ, ಹದಿನಾರೇ ಹಾಕು" ಎಂದ.

ಎರಡೂ ಕೈಯಲ್ಲಿ ಹಿಡಿದು ಓಡಿಸಿ ಅಂತಲೂ ಹೇಳಬಹುದಿತ್ತು. ಆದರೆ ಬಾಕ್ಸ್ ಬದಲಿಸುವುದೇ ಸುಲಭ, ಮಾರಾಯ್ರೆ.