ಕುಂಬಾರಗೇರಿಗೆ ಹೇಳದೆ ಬಿಟ್ಟ ಮಾತು

ಮುಳಬಾಗಿಲಿನ ಕುಂಬಾರಗೇರಿಯ ಓಣಿಯನ್ನು ಮುಚ್ಚಿಸಿದವನು ನಾನು. ಎಂಜಿನಿಯರರಲ್ಲ, ಪುರಸಭೆ ಕಮಿಟಿಯವರಲ್ಲ, ಬಸ್ಸಿನ ಮಾಲೀಕರೂ ಅಲ್ಲ. ಹದಿಮೂರು ವರ್ಷಗಳಿಂದ ಕೇರಿಯವರು ಇವರೆಲ್ಲರನ್ನೂ ಬೈದಿದ್ದಾರೆ, ನನ್ನನ್ನು ಮಾತ್ರ ಒಮ್ಮೆಯೂ ಬೈದಿಲ್ಲ. ಆ ಬೈಗುಳಗಳನ್ನು ಕೇಳುತ್ತ, ಕೆಲವು ಸಲ ಹೌದೆಂಬಂತೆ ತಲೆಯನ್ನೂ ಆಡಿಸುತ್ತ ಕೂತಿದ್ದೇನೆ. ಇನ್ನು ಕೂರಲಾರೆ.

ನಾನು ನಕ್ಷೆ ಬರೆಯುವವನು. ಹುಟ್ಟಿದ್ದು ರಾಯಲ್ಪಾಡಿನಲ್ಲಿ; ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೋಲಾರದಲ್ಲಿ ಡ್ರಾಯಿಂಗ್ ಕಲಿತು, ಸರಪಳಿ ಹಿಡಿದು ಅಳೆಯುವುದನ್ನು ಕಲಿತು, ಇಪ್ಪತ್ತಾರನೆಯ ವಯಸ್ಸಿಗೆ ಮುಳಬಾಗಿಲಿನ ಪುರಸಭೆ ಕಚೇರಿಗೆ ಕೆಲಸಕ್ಕೆ ಬಂದೆ. ಗೆರೆ ಎಳೆಯುವುದರಲ್ಲಿ ನನ್ನ ಕೈ ನಡುಗುತ್ತಿರಲಿಲ್ಲ. ಅದರ ಬಗ್ಗೆ ಸಾಕಷ್ಟು ಜಂಬವೂ ಇತ್ತು — ಈಗ ಮುಚ್ಚಿಟ್ಟು ಏನು ಪ್ರಯೋಜನ.

ಆಗ ಮದರಾಸು ರಸ್ತೆಯ ಬಸ್ಸುಗಳು ಪೇಟೆಯ ಬೀದಿಯೊಳಕ್ಕೇ ಬರುತ್ತಿದ್ದವು. ಎರಡು ಎತ್ತಿನ ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದಂಥ ಬೀದಿ ಅದು. ಅಲ್ಲಿಗೆ ಬಸ್ಸು ನುಗ್ಗಿದರೆ ಅಂಗಡಿಗಳ ಮುಂದಿನ ಚಪ್ಪರದ ತೆಂಗಿನ ಗರಿ ಉದುರುತ್ತಿತ್ತು, ಜಟಕಾ ಕುದುರೆಗಳು ಬೆದರುತ್ತಿದ್ದವು, ತಾಯಂದಿರು ಮಕ್ಕಳ ರಟ್ಟೆ ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಡ್ರೈವರು ಕೆಳಗಿಳಿದು ಗಾಡಿಯವನ ಹತ್ತಿರ ಜಗಳಕ್ಕೆ ನಿಂತರೆ ನಂಗಲಿಗೆ ಹೋಗಬೇಕಾದ ಜನ ಅಲ್ಲೇ ಕಾಯುತ್ತಿದ್ದರು. ಒಂದು ವಾರ ಇದನ್ನೆಲ್ಲ ನೋಡಿ ಈ ಊರಿಗೆ ನಾನೇ ಏನಾದರೂ ಮಾಡಬೇಕು ಅಂದುಕೊಂಡೆ. ವಯಸ್ಸು ಹಾಗಿತ್ತು.

ಮಾಡಿದೆ ಕೂಡ. ಬಸ್ಸುಗಳನ್ನು ಪೇಟೆಯಿಂದ ಹೊರಗೆ ತರುವುದು. ಊರಿನ ಅಂಚಿನ ಬಯಲಿನಲ್ಲಿ ಒಂದು ಬಸ್ ನಿಲ್ದಾಣ. ಅಲ್ಲಿಂದ ಮದರಾಸು ರಸ್ತೆಯವರೆಗೆ ಅಗಲವಾದ ನೇರ ದಾರಿ. ಪಕ್ಕದಲ್ಲಿ ಚರಂಡಿ, ಹೊಂಗೆ ಮರಗಳ ಸಾಲು. ಗಾಡಿಗಳಿಗೆ ಬೇರೆ ಜಾಗ, ಎತ್ತುಗಳಿಗೆ ನೀರಿನ ತೊಟ್ಟಿ. ಆ ನಕ್ಷೆ ಚೆನ್ನಾಗಿತ್ತು. ಇವತ್ತಿಗೂ ಹಾಗೇ ಹೇಳುತ್ತೇನೆ. ಪೇಟೆಯ ಬೀದಿಯಲ್ಲಿ ಈಗ ಮಕ್ಕಳು ಬುಗುರಿ ಆಡುತ್ತಾರೆ.

ಆದರೆ ಆ ಬಯಲಿನ ನಡುವೆ ಒಂದು ಓಣಿ ಇತ್ತು. ಕುಂಬಾರಗೇರಿಯಿಂದ ಹೊರಟು, ಎರಡು ಹಳೆಯ ಗೋಡೆಗಳ ನಡುವೆ ನುಸುಳಿ, ಬಯಲನ್ನು ಓರೆಯಾಗಿ ದಾಟಿ ಸಂತೆಯ ಮೈದಾನಕ್ಕೆ ಮುಟ್ಟುತ್ತಿತ್ತು. ತಲೆಯ ಮೇಲೆ ಗಡಿಗೆಯ ಮಂಕರಿ ಹೊತ್ತ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ತಿರುಗಿ ನಿಲ್ಲಬೇಕಾಗುತ್ತಿತ್ತು, ಅಷ್ಟೇ ಅಗಲ. ಕೇರಿಯ ಸೊಸೆಯಂದಿರು ಅದರ ಬಾಯಿಗೆ ದಿನಾ ಸಗಣಿ ಸಾರಿಸಿ ರಂಗೋಲಿ ಇಡುತ್ತಿದ್ದರು, ತಮ್ಮ ಮನೆಯ ಬಾಗಿಲಿಗೆ ಇಟ್ಟ ಹಾಗೆ. ಅದು ಯಾರ ಸ್ವತ್ತೂ ಅಲ್ಲ, ಎಲ್ಲರ ಹಾದಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನನಗೆ ಗೊತ್ತಿತ್ತು. ನಾನೇ ಎಷ್ಟೋ ಸಲ ಆ ರಂಗೋಲಿ ತುಳಿಯದ ಹಾಗೆ ದಾಟಿದ್ದೇನೆ.

ಓಣಿ ಉಳಿದರೆ ನನ್ನ ನಿಲ್ದಾಣದ ಅಂಗಳ ಓರೆಯಾಗುತ್ತಿತ್ತು. ಬಸ್ಸು ತಿರುಗುವುದಕ್ಕೆ ಜಾಗ ಸಾಲದೆ ಇಡೀ ನಿಲ್ದಾಣವನ್ನೇ ಕೆಲವು ಗಜ ಆಚೆಗೆ ಸರಿಸಬೇಕಾಗುತ್ತಿತ್ತು. ಸರಿಸಬಹುದಾಗಿತ್ತು — ಆ ಮಾತನ್ನೂ ಬರೆದುಬಿಡುತ್ತೇನೆ. ಆದರೆ ನಕ್ಷೆಯನ್ನು ಮತ್ತೆ ಮೊದಲಿನಿಂದ ಬರೆಯಬೇಕು, ಚಂದ ಕೆಡುತ್ತದೆ. ನಾನು ಓಣಿಯ ಮೇಲೆ ರಬ್ಬರು ಆಡಿಸಿದೆ.

ಕೋಲಾರದಿಂದ ಬಂದ ಎಂಜಿನಿಯರರು ಜಾಗ ನೋಡಿ, ನಕ್ಷೆ ನೋಡಿ, ಆ ಹಾದಿ ಏನಾಯಿತು ಎಂದು ಕೇಳಿದರು. ಮುಚ್ಚಬೇಕಾಗುತ್ತದೆ ಸರ್ ಎಂದೆ. ಅವರು ನಕ್ಷೆಯನ್ನು ಮಡಿಸುತ್ತ ಹೇಳಿದರು: "ಆ ಕೇರಿಯೋರು ಒಬ್ಬರು ತಕರಾರು ಕೊಟ್ರೂ ಸಾಕು, ಹಾದಿ ಬಿಟ್ಟು ಗೆರೆ ಸರಿಸಿಬಿಡಿ. ಜನ ನಡೆಯೋ ದಾರಿ ಮೇಲೆ ನಾನು ಜಗಳ ಮಾಡೋನಲ್ಲ." ಸರಿ ಸರ್ ಎಂದೆ.

ಹಾಗಾಗಿ ಉಳಿದದ್ದು ಒಂದೇ — ಕೇರಿಯವರು ತಕರಾರು ಕೊಡಬಾರದು.

ಇಂಥ ಕೆಲಸಗಳಿಗೆ ಮುಂಚೆ ನೋಟೀಸನ್ನು ಬೀದಿಬೀದಿಯಲ್ಲಿ ಓದಬೇಕು. ನಮ್ಮ ಕಚೇರಿಯಲ್ಲಿ ಅದಕ್ಕೊಂದು ಪದ್ಧತಿ ಇತ್ತು: ಜವಾನ ಯಲ್ಲಪ್ಪ ತಮಟೆ ಹೊಡೆದು ಜನ ಸೇರಿಸುತ್ತಿದ್ದ, ಗುಮಾಸ್ತರೊಬ್ಬರು ಕಚೇರಿಯ ಕನ್ನಡದಲ್ಲಿ ಓದುತ್ತಿದ್ದರು, ಆಮೇಲೆ ಅದರ ಅರ್ಥವನ್ನು ತೆಲುಗಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಆ ಚೆಕ್ಕುಬಂದಿ, ಸದರಿ, ಮೇಲ್ಕಂಡ ಎಂಬ ಭಾಷೆ ಕನ್ನಡದವರಿಗೇ ತಿಳಿಯುತ್ತಿರಲಿಲ್ಲ. ಇನ್ನು ತೆಲುಗು ಮನೆಗಳ ಗತಿ ಏನು. ಜನ ಓದುವುದನ್ನು ಕೇಳುತ್ತಿರಲಿಲ್ಲ, ಅರ್ಥ ಹೇಳುವುದಕ್ಕೆ ಕಾಯುತ್ತಿದ್ದರು. ಆ ಸಲ ಓದುವ ಕೆಲಸವನ್ನು ನಾನೇ ಕೇಳಿ ಪಡೆದೆ.

ಬೇರೆ ಬೀದಿಗಳಲ್ಲಿ ಸರಿಯಾಗಿಯೇ ಹೇಳಿದೆ. ಯಾರ ಜಗಲಿ ಎಷ್ಟು ಹೋಗುತ್ತದೆ, ಎಷ್ಟು ದಿನದೊಳಗೆ ಹೆಬ್ಬೆಟ್ಟು ಒತ್ತಿ ತಕರಾರು ಕೊಡಬಹುದು, ಎಲ್ಲವನ್ನೂ. ಕುಂಬಾರಗೇರಿಗೆ ಬಂದಾಗ ಬೆಳಗಿನ ಹೊತ್ತು, ತಿಗರಿಗಳು ತಿರುಗುತ್ತಿದ್ದವು. ಜನ ಮಣ್ಣಿನ ಕೈಯಲ್ಲೇ ಬಂದು ನಿಂತರು. ರಾಯಲ್ಪಾಡಿನವನು, ನಮ್ಮ ಮಾತಿನವನು ಎಂದು ಅವರಿಗೆ ನನ್ನ ಮೇಲೆ ಪ್ರೀತಿ. ನೋಟೀಸನ್ನು ಒಂದಕ್ಷರ ಬಿಡದೆ ಓದಿದೆ. ಓಣಿಯ ಸಾಲನ್ನೂ ಓದಿದೆ, ಸ್ವಲ್ಪ ಬೇಗ. ಆಮೇಲೆ ತೆಲುಗಿನಲ್ಲಿ ಹೇಳಿದೆ: "ಮೀ ಇಂಡ್ಲಕು ಏಮೀ ಕಾದು." ನಿಮ್ಮ ಮನೆಗಳಿಗೆ ಏನೂ ಆಗುವುದಿಲ್ಲ. ಅದು ಸುಳ್ಳಲ್ಲ. ಮನೆಗಳ ಒಂದು ಹೆಂಚೂ ಅಲುಗುವುದಿರಲಿಲ್ಲ.

ಜನ ಹಿಂದಕ್ಕೆ ತಿರುಗುತ್ತಿದ್ದರು. ಚೆಂಗಮ್ಮ ಮಾತ್ರ ನಿಂತಳು — ಮುನಿಸಾಮಿಯ ಹೆಂಡತಿ, ಕೇರಿಯಲ್ಲಿ ಎಲ್ಲರಿಗಿಂತ ದೊಡ್ಡ ಮಂಕರಿ ಹೊರುತ್ತಿದ್ದವಳು. "ಮರಿ ದಾರಿ, ನಾಯನಾ?" ಎಂದಳು. ಹಾಗಾದರೆ ದಾರಿ, ಅಪ್ಪಾ?

"ದಾರಿ ಉಂಟುಂದಿಲೇ ಅಮ್ಮಾ" ಎಂದೆ. ದಾರಿ ಇರುತ್ತದೆ ಬಿಡಮ್ಮ.

ಅವಳು ನಕ್ಕು ಒಳಗೆ ಹೋದಳು. ಕೇರಿ ದಾಟಿದ ಮೇಲೆ ಯಲ್ಲಪ್ಪ ತಮಟೆಯನ್ನು ಹೆಗಲಿಗೆ ಹಾಕಿಕೊಳ್ಳುತ್ತ, "ಓಣಿ ಮಾತು ಹೇಳ್ಲೇ ಇಲ್ವಲ್ಲ ಸ್ವಾಮಿ" ಅಂದ. "ನಡಿ, ಹೊತ್ತಾಯ್ತು" ಎಂದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಈಗ ಅವನೂ ಇಲ್ಲ.

ಓಣಿಗೆ ಅಡ್ಡವಾಗಿ ನಿಲ್ದಾಣದ ಮಣ್ಣಿನ ಗೋಡೆ ಏಳುವಾಗ ಕೇರಿಯವರು ಕಚೇರಿಗೆ ಬಂದರು. ತಕರಾರಿನ ಅವಧಿ ಮುಗಿದಿತ್ತು. ಮುನಿಸಾಮಿ ಮುಂದೆ ನಿಂತು ಕೇಳಿದ: "ನಿನ್ಗೂ ಹೇಳ್ದೆ ಮಾಡ್ಬಿಟ್ರಾ ನಾಯನಾ?" — ಆಗ ನಾನು ಬಾಯಿ ಬಿಡಬೇಕಾಗಿತ್ತು. ಕಟ್ಟಿದ್ದು ಇನ್ನೂ ಮೊಣಕಾಲೆತ್ತರ, ಕೆಡವುವುದು ಕಷ್ಟವಿರಲಿಲ್ಲ. ನಾನು ಕಾಗದ ನೋಡುತ್ತ ಕೂತೆ. ಅವರು ನನ್ನ ಮೌನವನ್ನು ಸಂಕಟವೆಂದು ತಿಳಿದರು. ಪಾಪ, ಇವನ ಮಾತು ಯಾರು ಕೇಳುತ್ತಾರೆ ಎಂದುಕೊಂಡು ಹೊರಟುಹೋದರು.

ಅಲ್ಲಿಂದ ಮುಂದೆ ಕೇರಿಯವರು ಸಂತೆಗೆ ಸುತ್ತು ಹಾಕಿ ಹೋಗಬೇಕಾಯಿತು, ಮದರಾಸು ರಸ್ತೆಯಲ್ಲಿ ನಡೆದು, ಕೆರೆ ಏರಿಯ ತಿರುವಿನಲ್ಲಿ ನನ್ನ ಹೊಸ ದಾರಿಗೆ ಹೊರಳಿ. ಆ ದಾರಿಯಲ್ಲಿ ಬಸ್ಸಿಗೆ ಜಾಗವಿತ್ತು, ಗಾಡಿಗೆ ಜಾಗವಿತ್ತು, ಮಳೆಯ ನೀರಿಗೂ ಜಾಗವಿತ್ತು. ಕಾಲಿಗೆ ಇರಲಿಲ್ಲ. ರಸ್ತೆ ಮುಗಿದ ಕಡೆ ಚರಂಡಿ ಶುರು. ನಾನು ಸೈಕಲ್ಲಿನಲ್ಲಿ ಓಡಾಡುತ್ತಿದ್ದವನು, ತಲೆಯ ಮೇಲೆ ಭಾರ ಇಟ್ಟುಕೊಂಡು ನಡೆಯುವವರು ಎಲ್ಲಿ ಕಾಲಿಡುತ್ತಾರೆ ಎಂದು ಯೋಚಿಸಿಯೇ ಇರಲಿಲ್ಲ.

ಯುದ್ಧ ಬಂತು. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡತೊಡಗಿದವು. ಮಿಲಿಟರಿ ಲಾರಿಗಳು ಒಂದರ ಹಿಂದೆ ಒಂದು ನಂಗಲಿಯ ಕಡೆಯಿಂದ ಬರುತ್ತಿದ್ದವು. ಒಂದು ಸಂತೆಯ ದಿನ ಚೆಂಗಮ್ಮ ಮಂಕರಿ ಹೊತ್ತು ಕೆರೆ ಏರಿಯ ತಿರುವಿನಲ್ಲಿದ್ದಾಗ ಹಿಂದಿನಿಂದ ಲಾರಿಗಳ ಸಾಲು ಬಂತು. ಯಾವುದೂ ಅವಳಿಗೆ ತಾಗಲಿಲ್ಲ. ಪಕ್ಕಕ್ಕೆ ಸರಿದಳು, ಸರಿದಲ್ಲಿ ಚರಂಡಿ. ಅದರ ಆಳವನ್ನು ನಿಗದಿ ಮಾಡಿದವನು ನಾನೇ. ತೊಡೆಯ ಮೂಳೆ ಮುರಿಯಿತು.

ಕೋಲಾರದ ಆಸ್ಪತ್ರೆಗೆ ಇದ್ದಿಲು ಬಸ್ಸಿನಲ್ಲಿ ಕರೆದುಕೊಂಡು ಹೋದವನೂ ನಾನು. ಮುನಿಸಾಮಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಸ್ಸು ಏರು ಹತ್ತಲಾರದೆ ನಿಂತಾಗಲೆಲ್ಲ ಗಂಡಸರು ಇಳಿದು ತಳ್ಳಿದೆವು. ಒಂದು ಸಲ ಹತ್ತಿ ಕೂತಾಗ ಅವಳು ನೋವಿನ ನಡುವೆಯೇ, "ನಮ್ಮೋರು ಅಂತ ನೀನೊಬ್ಬ ಇದ್ದೆ ನಾಯನಾ" ಅಂದಳು. ಇಡೀ ಊರು ನನ್ನ ಮುಖಕ್ಕೆ ಉಗಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆಗಲೂ ಹೇಳಲಿಲ್ಲ. ಹೇಳುವುದಕ್ಕೆ ಅದು ಸಮಯವಲ್ಲ ಅಂದುಕೊಂಡೆ. ಆಮೇಲೆ ಬಂದ ಯಾವ ಸಮಯವೂ ನನಗೆ ಸಮಯವಾಗಲಿಲ್ಲ.

ಅವಳು ಕುಂಟುತ್ತ ಮನೆಗೆ ಬಂದಳು. ಭಾರ ಹೊರುವುದು ಮುಗಿಯಿತು. ಮಾಡಿದ ಗಡಿಗೆಯನ್ನು ಸಂತೆಗೆ ಮುಟ್ಟಿಸುವವರಿಲ್ಲದೆ ತಿಗರಿ ನಿಂತಿತು. ಮುನಿಸಾಮಿ ಚಿನ್ನದ ಗಣಿಯ ಕಡೆ ಕೂಲಿಗೆ ಹೊರಟುಹೋದ. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಅದೂ ತಪ್ಪಿತು. ಹೋದ ವರ್ಷ ಅಲ್ಲೇ ಎದೆರೋಗದಿಂದ ತೀರಿಕೊಂಡ.

ಈಗ ಬಸ್ ನಿಲ್ದಾಣವನ್ನು ದೊಡ್ಡದು ಮಾಡುವ ಮಾತು ನಡೆದಿದೆ. ನಕ್ಷೆ ಮತ್ತೆ ನನ್ನ ಮೇಜಿಗೇ ಬಂತು. ಮಣ್ಣಿನ ಗೋಡೆ ಒಡೆದು ಕಲ್ಲಿನದು ಕಟ್ಟುತ್ತಾರೆ. ಕಟ್ಟಿದರೆ ಓಣಿಯ ಕಥೆ ಅಲ್ಲಿಗೆ ಮುಗಿಯಿತು. ಹೋದ ಸೋಮವಾರ ಕಮಿಟಿಗೆ ಬರೆದು ಕೊಟ್ಟೆ: ಅಲ್ಲಿ ಸಾರ್ವಜನಿಕರ ಹಾದಿ ಇತ್ತು, ಅದನ್ನು ನಕ್ಷೆಯಿಂದ ಅಳಿಸಿದವನು ನಾನು, ಕೇರಿಯವರಿಗೆ ತಿಳಿಯದ ಹಾಗೆ ನೋಡಿಕೊಂಡವನೂ ನಾನು. ನಡೆಯುವವರಿಗಾಗಿ ಹಾದಿಯನ್ನೂ ರಸ್ತೆಯ ಅಂಚನ್ನೂ ಬಿಟ್ಟು ಬರೆದ ಹೊಸ ನಕ್ಷೆಯನ್ನು ಜೊತೆಗೆ ಇಟ್ಟೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ಹೇಳಿದ್ದೇನೆ.

ನಿನ್ನೆ ಮಧ್ಯಾಹ್ನ ಚೆಂಗಮ್ಮನ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಯಾರದೋ ಮಂಡಿಯ ಕೂಲಿ ಕೆಲಸ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ — ಎಂಜಿನಿಯರರ ಮಾತು, ರಬ್ಬರು, ನೋಟೀಸು. ಅವಳ ಕೈ ಕೆಲಸ ನಿಲ್ಲಿಸಲಿಲ್ಲ.

"ಅವತ್ತು ನಾನು ಬ್ಯಾಡ ಅಂದು ಹೆಬ್ಬೆಟ್ಟು ಒತ್ತಿದ್ರೆ ಓಣಿ ಉಳೀತಿತ್ತಾ?" ಎಂದು ಕೇಳಿದಳು.

"ಉಳೀತಿತ್ತು" ಎಂದೆ.

"ನಾನೊಬ್ಳೇ ಒತ್ತಿದ್ರೂ?"

"ನೀನೊಬ್ಬಳೇ ಸಾಕಾಗಿತ್ತು."

ಈಗ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವಳು ಬೀಜ ತೆಗೆಯುತ್ತಲೇ, ನನ್ನ ಕಡೆ ನೋಡದೆ ಮಾತಾಡಿದಳು. ಆ ಸಂತೆಯ ದಿನ ಅವಳಿಗೆ ರಸ್ತೆಯ ಕಡೆ ಹೋಗುವುದಕ್ಕೆ ಮನಸ್ಸಿರಲಿಲ್ಲವಂತೆ. ಲಾರಿಗಳ ಭಯ. ಮುನಿಸಾಮಿಯೇ, "ಹೊಸ ರಸ್ತೆ ಅಗಲವಾಗೈತೆ, ಹೋಗ್ಬಾರೇ" ಎಂದು ಮಂಕರಿ ಎತ್ತಿ ತಲೆಗೆ ಇಟ್ಟನಂತೆ.

"ಅದಕ್ಕೇ ನಾನು ಅವನ್ನ ಬುಡ್ಲಿಲ್ಲ ನಾಯನಾ. ನನ್ನ ಕಾಲು ಮುರ್ದೋನು ನೀನೇ ಅಂತ ಅವನ್ಗೆ ಕೂತ್ರೆ ನಿಂತ್ರೆ ಅಂದೆ. ಹಬ್ಬಕ್ಕೆ ಬಂದ್ರೂ ಅಂದೆ. ಅದು ತಡೀಲಾರ್ದೇ ಅವನು ಬರೋದು ಬುಟ್ಟ. ಒಂದು ದಿನಾನೂ ಎದುರು ಮಾತಾಡ್ಲಿಲ್ಲ. ತಪ್ಪು ತನ್ದೇ ಅಂದ್ಕೊಂಡೇ ಹೋದ."

ನಾನು ಅವಳಲ್ಲಿ ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಆ ಮಾತನ್ನು ದಾರಿಯುದ್ದಕ್ಕೂ ತೆಲುಗಿನಲ್ಲಿ ಜೋಡಿಸಿಕೊಂಡೂ ಇದ್ದೆ. ಅದನ್ನು ಕೇಳಿಸಿಕೊಳ್ಳಬೇಕಾದವನು ಮುನಿಸಾಮಿ. ಕ್ಷಮೆ ಕೇಳದೆ ಬಂದೆ.